ಪಡುವಣ ರಿಂಗಿನ ಕೆಳಗೆ ಎಂಟು ದಿನ

ಮುದ್ದೇಬಿಹಾಳದ ಕಾಲೇಜೊಂದರಿಂದ ಕರೆ ಬಂದಾಗ ನಾನು ಬಸವನ ಬಾಗೇವಾಡಿಯ ಶಾಲೆಯಲ್ಲಿ ಆಟದ ಟೀಚರಾಗಿದ್ದೆ. ಪ್ರತಿ ವರ್ಷ ಹೊಸದಾಗಿ ಸಹಿ ಹಾಕಬೇಕಾದ ಗುತ್ತಿಗೆಯ ಕೆಲಸ ಅದು. ಕಾಲೇಜಿನವರು ಹೇಳಿದ್ದು ಇಷ್ಟು: ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಬೇಕು, ಕೆಲಸ ಕಾಯಂ, ಆವರಣದಲ್ಲಿಯೇ ಎರಡು ಕೋಣೆಯ ಮನೆ, ಕೋರ್ಟಂತೂ ಸುತ್ತಲಿನ ತಾಲೂಕುಗಳಲ್ಲೆಲ್ಲ ಹೆಸರಾದದ್ದು. ಬಾಡಿಗೆ ಮನೆ ಬದಲಿಸಿ ಬದಲಿಸಿ ಬೇಸತ್ತಿದ್ದ ನನ್ನ ಅಮ್ಮಿ ಆ ಸಂಜೆಯೇ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕತೊಡಗಿದಳು. ಹೊಸ ಮನೆಗೆ ಹೊಳೆಯುವ ಹಂಡೆ ಹೋಗಬೇಕಂತೆ.

ನನಗೆ ಮಾತ್ರ ನಂಬಿಕೆ ಬರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಗುತ್ತಿಗೆಯವರಿಗೆ ಯಾರೂ ಕಲಿಸಬೇಕಿಲ್ಲ. ಅಷ್ಟು ಚಲೋ ಕೆಲಸವನ್ನು ನಾಲ್ಕು ವರ್ಷದಲ್ಲಿ ಮೂವರು ಬಿಟ್ಟು ಹೋಗಿದ್ದರು. ಯಾಕೆಂದು ಕೇಳಿದರೆ, ಒಬ್ಬರಿಗೆ ಆರೋಗ್ಯ ಸರಿಯಿರಲಿಲ್ಲ, ಒಬ್ಬರು ಪುಣೆಗೆ ಹೋದರು, ಇನ್ನೊಬ್ಬರದು ಗೊತ್ತಿಲ್ಲ ಎನ್ನುತ್ತಿದ್ದರು.

ನಾನು ಸುಮ್ಮನೆ ಹೆದರುವ ಹೆಂಗಸಲ್ಲ. ಹಿಂದೆ ಇಂಡಿಯಲ್ಲಿ ಕೆಲಸ ಮಾಡುತ್ತಿದ್ದಾಗ ಅಗರಖೇಡದ ಹುಡುಗಿಯೊಬ್ಬಳು ಪಂದ್ಯದ ದಿನ ಮೊಣಕಾಲು ನೋಯುತ್ತಿದೆ ಎಂದಿದ್ದಳು. ಹತ್ತು ನಿಮಿಷ ಆಡು ಸಾಕು ಎಂದು ಇಳಿಸಿದ್ದು ನಾನು. ಆರನೆಯ ನಿಮಿಷಕ್ಕೆ ಅವಳು ಜಿಗಿದು ಇಳಿದಾಗ ಒಣಗಿದ ತೊಗರಿ ಕಟ್ಟಿಗೆ ಮುರಿದಂಥ ಸದ್ದು ಬಂತು. ಅವಳ ತಂದೆ ನನಗೆ ಒಂದು ಮಾತೂ ಅನ್ನಲಿಲ್ಲ. ಆಸ್ಪತ್ರೆಯಲ್ಲಿ ನನಗೇ ಚಹಾ ತರಿಸಿಕೊಟ್ಟರು. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ, ಆ ಚಹಾವನ್ನು ಇಂದಿಗೂ ಮರೆಯಲಾಗಿಲ್ಲ. ಇಂಡಿ ಬಿಟ್ಟದ್ದು ಆ ಕಾರಣಕ್ಕೆ. ಅಂದಿನಿಂದ ಹುಡುಗಿಯರು ಜಿಗಿದಾಗಲೆಲ್ಲ ನನ್ನ ಕಿವಿ ಆ ಸದ್ದಿಗಾಗಿಯೇ ಕಾಯುತ್ತದೆ.

ಹಾಗಾಗಿ ಕಾಲೇಜಿನ ಪ್ರಿನ್ಸಿಪಾಲರಲ್ಲಿ ಒಂದು ಮಾತು ಕೇಳಿಕೊಂಡೆ. ನೀವು ನನ್ನನ್ನು ನೋಡಿ, ನಾನೂ ಕೆಲಸವನ್ನು ನೋಡುತ್ತೇನೆ, ಎಂಟು ದಿನ ಕೊಡಿ ಎಂದೆ. ಅವರಿಗೆ ನಗು ಬಂದಿರಬೇಕು. ಕಾಯಂ ಕೆಲಸವನ್ನು ಪರೀಕ್ಷೆ ಮಾಡಲು ಬಂದವಳನ್ನು ಅವರು ಅದುವರೆಗೆ ಕಂಡಿರಲಿಲ್ಲ. ಆದರೂ ಒಪ್ಪಿದರು. ಮುಂದಿನ ಭಾನುವಾರ ಸಿಂದಗಿಯ ಕಾಲೇಜು ತಂಡದೊಂದಿಗೆ ಸ್ನೇಹದ ಪಂದ್ಯವಿದೆ, ಸಂಸ್ಥೆಯ ಅಧ್ಯಕ್ಷರೂ ಬರುತ್ತಾರೆ, ಪಂದ್ಯ ಮುಗಿದ ಮೇಲೆ ನೇಮಕದ ಆರ್ಡರ್ ಕೈಗೆ ಕೊಡುತ್ತೇವೆ ಎಂದರು. ಬಾಗೇವಾಡಿ ಶಾಲೆಗೆ ನಾನು ಹೌದೋ ಅಲ್ಲವೋ ಹೇಳಬೇಕಾದದ್ದು ಅದರ ಮರುದಿನ, ಸೋಮವಾರ.

ನೌಕರಿಯನ್ನು ಆಫೀಸಿನ ಕುರ್ಚಿಯಲ್ಲಿ ಕೂತು ತೂಗಲಿಕ್ಕಾಗದು. ನಾನು ಮೊದಲು ಆಟಗಾರ್ತಿಯರ ಬೂಟಿನ ಅಡಿ ನೋಡುತ್ತೇನೆ. ಒಂದೇ ಬದಿ ಸವೆದಿದ್ದರೆ ಅಲ್ಲಿ ಕಲಿಸಿದವರು ಹೇಗೆ ಕಲಿಸಿದ್ದಾರೆಂದು ತಿಳಿಯುತ್ತದೆ. ಹಾಸ್ಟೆಲಿನಲ್ಲಿ ಅವರ ಜೊತೆ ಕೂತು ಊಟ ಮಾಡುತ್ತೇನೆ. ಆಮೇಲೆ ಕೋರ್ಟು. ಸೋಮವಾರ ಬೆಳಿಗ್ಗೆ ಬೂಟು ನೋಡಿದೆ, ಹನ್ನೆರಡು ಜೋಡಿಯೂ ಚೆನ್ನಾಗಿಯೇ ಇದ್ದವು. ರೊಟ್ಟಿ, ಕಾಳಿನ ಪಲ್ಯ, ಮೊಸರು, ಊಟಕ್ಕೂ ಕೊರತೆಯಿರಲಿಲ್ಲ. ಹುಡುಗಿಯರು ಜಿಂಕೆಗಳಂತಿದ್ದರು. ಕನ್ನೊಳ್ಳಿಯಿಂದ ಬಂದ ಕ್ಯಾಪ್ಟನ್ ಅಂತೂ ಒಂಬತ್ತು ಸಲ ಎಸೆದರೆ ಏಳು ಸಲ ಚೆಂಡು ರಿಂಗಿನೊಳಗೆ ಬೀಳಿಸುತ್ತಿದ್ದಳು. ಆಟದ ಕೋಟಾದಲ್ಲಿ ಹಾಸ್ಟೆಲ್ ಸಿಕ್ಕವಳು ಅವಳು, ಆಟ ನಿಂತರೆ ಓದೂ ನಿಂತಂತೆ.

ಕೋರ್ಟಿಗೆ ಬಂದು ಬಗ್ಗಿ ನೆಲ ಮುಟ್ಟಿ ನೋಡಿದೆ. ಮೇಲೆ ತಗಡಿನ ಮಾಡು, ಕೆಳಗೆ ಪೂರ್ತಿ ಪರಸಿ ಕಲ್ಲು. ನಮ್ಮ ಕಡೆ ಅಡಿಗೆಮನೆಯಿಂದ ಅಂಗಳದವರೆಗೆ ಹಾಸುವ ಅದೇ ನೀಲಿ ಬಣ್ಣದ ಚಪ್ಪಡಿ ಕಲ್ಲು. ಅಧ್ಯಕ್ಷರಿಗೆ ಸ್ವಂತದ ಗಣಿ, ಪಾಲಿಶ್ ಮಾಡುವ ಕಾರ್ಖಾನೆ ಎರಡೂ ಇದ್ದವು. ಬೇರೆ ಊರಿನವರು ಸಿಮೆಂಟ್ ಹಾಕುತ್ತಾರೆ, ಮರ ಹಾಕುತ್ತಾರೆ. ಇಲ್ಲಿಯವರು ತಮ್ಮ ಕಲ್ಲಿಗಿಂತ ದೊಡ್ಡದಿಲ್ಲ ಎಂದು ಅದನ್ನೇ ಹಾಸಿಬಿಟ್ಟಿದ್ದರು. ಜಾರಿ ಬಿದ್ದು ಸತ್ತರೂ ಕಲ್ಲು ನಮ್ಮದೇ ಎಂಬ ಹೆಮ್ಮೆ.

ಪಡುವಣ ದಿಕ್ಕಿನ ರಿಂಗಿನ ಕಂಬಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಕೋರ್ಟು ಗುಡಿಸುವ ಹಿರಿಯ ಜವಾನನನ್ನು ಇದೇನೆಂದು ಕೇಳಿದೆ. ಅವನು ಕಸಬರಿಗೆ ಕೆಳಗಿಟ್ಟು, ಸುತ್ತ ನೋಡಿ, ದನಿ ಇಳಿಸಿದ.

"ಆ ಬಾಜೂ ಚಲೋ ಇಲ್ರಿ ಮೇಡಮ್ಮಾರ. ಮೂರು ಹುಡುಗ್ಯಾರ ಕಾಲು ಅಲ್ಲೇ ಹೋಗ್ಯಾವು. ಮೂರೂ ಎಡಗಾಲು."

ಒಂದು ಮೊಣಕಾಲು ಹೋದರೆ ಗ್ರಹಚಾರ ಎನ್ನಬಹುದು. ಒಂದೇ ರಿಂಗಿನ ಕೆಳಗೆ ಮೂರು, ಅದೂ ಮೂರೂ ಎಡಗಾಲು ಎಂದರೆ ಅಲ್ಲಿ ಏನೋ ಇದೆ. ಪ್ರಿನ್ಸಿಪಾಲರನ್ನು ಕೇಳಿದಾಗ ಅವರು ಇಲ್ಲ ಎನ್ನಲಿಲ್ಲ, ಕನ್ನಡಕ ಒರೆಸಿಕೊಳ್ಳುತ್ತ, ಈಗಿನ ಹುಡುಗಿಯರ ಎಲುಬಿನಲ್ಲಿ ತಾಕತ್ತಿಲ್ಲ ಎಂದರು. ಮೂವರು ಕೋಚ್‌ಗಳು ಯಾಕೆ ಬಿಟ್ಟರೆಂದು ಆಗ ಗೊತ್ತಾಯಿತು. ಅವರೂ ನನ್ನಂತೆಯೇ ಹೆದರಿದ್ದರು, ಹೇಳದೆ ಹೋಗಿದ್ದರು.

ಮಂಗಳವಾರ ಪೂರ್ತಿ ಅಳತೆಯಲ್ಲಿ ಕಳೆಯಿತು. ಮೊದಲು ಜಾರುವಿಕೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಬೂಟಿನ ಅಡಿಯನ್ನು ಒತ್ತಿ ಎಳೆದು ನೋಡಿದೆ. ಕಲ್ಲು ಹಿಡಿಯುತ್ತಿತ್ತು. ಮೊದಲ ಹುಡುಗಿ ಬಿದ್ದಾಗಲೇ ಕಲ್ಲುಕೆಲಸದ ಗೌಂಡಿಗಳನ್ನು ಕರೆಸಿ ಇಡೀ ಕೋರ್ಟಿಗೆ ಉಳಿಪೆಟ್ಟು ಹಾಕಿಸಿ ಒರಟು ಮಾಡಿಸಿದ್ದರಂತೆ. ಎರಡನೆಯದು ಮಟ್ಟ. ಉದ್ದನೆಯ ಪ್ಲಾಸ್ಟಿಕ್ ಪೈಪಿನಲ್ಲಿ ನೀರು ತುಂಬಿ, ಗೌಂಡಿಗಳು ಮಾಡುವ ಹಾಗೆ, ಒಂದು ತುದಿಯನ್ನು ಜವಾನನ ಕೈಗೆ ಕೊಟ್ಟು ಕಲ್ಲು ಕಲ್ಲಿಗೂ ನೀರಿನ ಗೆರೆ ನೋಡಿದೆ. ಎಲ್ಲ ಸಮ. ಸಂದುಗಳಲ್ಲಿ ಬೆರಳಿಟ್ಟು ನೋಡಿದೆ, ಎಲ್ಲೂ ಎಡವುವಂತಿರಲಿಲ್ಲ. ರಿಂಗಿನ ಎತ್ತರ ಹತ್ತು ಅಡಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಎರಡೂ ಕಡೆಯ ರಿಂಗು, ಬೋರ್ಡು, ಗೆರೆ ಅವಳಿ ಮಕ್ಕಳಂತೆ ಒಂದೇ ಇದ್ದವು.

ತಪ್ಪು ಸಿಕ್ಕಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಏನೂ ಸಿಗಲಿಲ್ಲ ಎಂದಾಗ ಭಯ ನಿಜವಾಗಿ ಹತ್ತಿತು. ಐದು ಹೊತ್ತಿನ ನಮಾಜು ಮಾಡುವ ಮನೆಯ ಮಗಳು ನಾನು, ಆದರೂ ಆ ನಿಂಬೆಹಣ್ಣನ್ನು ಬಿಚ್ಚಿಸಲು ಧೈರ್ಯ ಬರಲಿಲ್ಲ.

ಬುಧವಾರ ಹುಡುಗಿಯರ ದೇಹದ ಪರೀಕ್ಷೆ. ಬೆಂಚಿನ ಮೇಲಿಂದ ಎರಡೂ ಕಾಲಿನಲ್ಲಿ ಜಿಗಿಸಿದೆ, ಒಂದು ಕಾಲಿನಲ್ಲಿ ಜಿಗಿಸಿದೆ. ಇಳಿಯುವಾಗ ಮೊಣಕಾಲು ಒಳಕ್ಕೆ ಬಾಗಿದರೆ ಅಪಾಯ. ಹನ್ನೆರಡರಲ್ಲಿ ಹತ್ತು ಮಂದಿ ಕಂಬದಂತೆ ನೆಟ್ಟಗೆ ಇಳಿದರು. ಸಂಜೆ ಲೇಅಪ್ ಅಭ್ಯಾಸ. ಬಲಗಡೆಯಿಂದ ಓಡಿ ಬಂದು, ಬಲಗಾಲು ಎಡಗಾಲು ಎಂದು ಎರಡು ಹೆಜ್ಜೆ ಹಾಕಿ, ಎಡಗಾಲನ್ನು ಊರಿ ಮೇಲೆದ್ದು, ಬಲಗೈಯಿಂದ ಚೆಂಡನ್ನು ಬೋರ್ಡಿಗೆ ತಾಗಿಸುವ ಆಟ. ನನ್ನ ಫೋನನ್ನು ಕಂಬಕ್ಕೆ ಕಟ್ಟಿ ಅದನ್ನು ಚಿತ್ರೀಕರಿಸುತ್ತಿದ್ದೆ. ಮೂಡಣ ರಿಂಗಿನಲ್ಲಿ ಎಲ್ಲರೂ ಹಕ್ಕಿಯಂತೆ ಎದ್ದರು. ಪಡುವಣಕ್ಕೆ ಬಂದೆವು. ನಾಲ್ಕನೆಯವಳಾಗಿ ಕ್ಯಾಪ್ಟನ್ ಓಡಿ ಬಂದಳು, ಎಡಗಾಲು ಊರಿದಳು, ಮೇಲೇಳುವ ಮೊದಲೇ ಕುಸಿದಳು.

ಸದ್ದು ಬರಲಿಲ್ಲ. ಆದರೆ ನನ್ನ ಕಿವಿಗೆ ಬಂತು. ನಾನು ಓಡಬೇಕಿತ್ತು, ಕಾಲು ನೆಲಕ್ಕೆ ಕಚ್ಚಿಕೊಂಡಿತ್ತು. ಜವಾನನೇ ಮೊದಲು ಓಡಿದ. ಅವಳು ಎರಡೂ ಕೈಯಿಂದ ಮೊಣಕಾಲು ಹಿಡಿದು, ಏನೂ ಆಗಿಲ್ಲ ಏನೂ ಆಗಿಲ್ಲ ಎನ್ನುತ್ತಿದ್ದಳು. ಆಟೋದಲ್ಲಿ ಎಲುಬಿನ ಡಾಕ್ಟರ ಹತ್ತಿರ ಕರೆದೊಯ್ದೆವು. ನರ ಹಿಗ್ಗಿದೆಯಷ್ಟೆ, ಹರಿದಿಲ್ಲ, ಮೂರು ವಾರ ಓಡುವಂತಿಲ್ಲ ಎಂದು ಪಟ್ಟಿ ಕಟ್ಟಿದರು. ಮೊದಲ ಮೂವರ ಅದೃಷ್ಟ ಇಷ್ಟು ಚಲೋ ಇರಲಿಲ್ಲ ಎಂದೂ ಸೇರಿಸಿದರು. ಅವರನ್ನೂ ನೋಡಿದ್ದು ಅದೇ ಡಾಕ್ಟರು.

ದವಾಖಾನೆಯ ಬೆಂಚಿನ ಮೇಲೆ ಕೂತು ಅಮ್ಮಿಗೆ ಫೋನ್ ಮಾಡಿ, ಈ ಕೆಲಸ ಬೇಡ, ನಾಳೆಯೇ ಬರುತ್ತೇನೆ ಎಂದೆ. ಅಮ್ಮಿ ಹಂಡೆ ತಿಕ್ಕಿ ಆಗಿದೆ ಎಂದಷ್ಟೇ ಹೇಳಿದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಫೋನ್ ಕೈಯಲ್ಲಿಯೇ ಇತ್ತು. ಮಾಡಲು ಬೇರೆ ಏನೂ ಇಲ್ಲದೆ ಅದೇ ಚಿತ್ರವನ್ನು ನಿಧಾನಗತಿಯಲ್ಲಿ ಓಡಿಸಿದೆ. ನೋಡಲು ಧೈರ್ಯವಿರಲಿಲ್ಲ, ನೋಡದಿರಲೂ ಆಗಲಿಲ್ಲ.

ಕ್ಯಾಪ್ಟನ್ನಿನ ಎಡಗಾಲು ಮುಂದಕ್ಕೆ ಬರುತ್ತಿತ್ತು, ಇನ್ನೇನು ಊರಬೇಕು ಎನ್ನುವಾಗ ಗಾಳಿಯಲ್ಲಿಯೇ ಒಂದು ಗೇಣು ಒಳಕ್ಕೆ ತಿರುಗಿ ಬೇರೆ ಕಡೆ ಬೀಳುತ್ತಿತ್ತು. ಕಾಲು ಒಂದು ಕಡೆ, ಮೈ ಒಂದು ಕಡೆ, ನಡುವೆ ಮೊಣಕಾಲು. ಅದೇ ಚಿತ್ರದಲ್ಲಿ ಅವಳಿಗಿಂತ ಮೊದಲು ಓಡಿದ ಮೂವರನ್ನು ನೋಡಿದೆ. ಅವರ ಕಾಲೂ ಅಲ್ಲಿಯೇ ತಿರುಗುತ್ತಿತ್ತು. ಮೂಡಣ ರಿಂಗಿನಲ್ಲಿ ಒಬ್ಬಳದೂ ತಿರುಗಿರಲಿಲ್ಲ. ಅಲ್ಲಿ ಏನೋ ಇದೆ ಎಂದು ಕಾಲಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನಾಳೆಯ ಬಸ್ಸು ಹತ್ತುವುದು ಬೇಡ ಎಂದು ನಿರ್ಧರಿಸಿದೆ. ಧೈರ್ಯದಿಂದಲ್ಲ. ತಿಳಿಯದೆ ಹೋದರೆ ಬಾಗೇವಾಡಿಯ ಶಾಲೆಯ ಅಂಗಳದಲ್ಲೂ ಹೆದರುತ್ತಲೇ ಇರುತ್ತೇನೆ ಎಂಬ ಹೆದರಿಕೆಯಿಂದ.

ಗುರುವಾರ ಕಬಡ್ಡಿ ಅಂಗಳಕ್ಕೆ ಗೆರೆ ಎಳೆಯುವ ಸುಣ್ಣದ ಪುಡಿಯನ್ನು ತಟ್ಟೆಯಲ್ಲಿ ಹಾಕಿಸಿದೆ. ಹುಡುಗಿಯರಿಗೆ ಬೂಟನ್ನು ಅದರಲ್ಲಿ ಅದ್ದಿ, ಓಡದೆ ನಡೆಯುತ್ತ ಲೇಅಪ್ ಹೆಜ್ಜೆ ಹಾಕಲು ಹೇಳಿದೆ. ಬೂಟು ಅದ್ದುವುದು, ನಡೆಯುವುದು, ಮತ್ತೆ ಅದ್ದುವುದು. ಅರ್ಧ ಗಂಟೆಯಲ್ಲಿ ರಿಂಗಿನ ಕೆಳಗೆಲ್ಲ ಬಿಳಿ ಹೆಜ್ಜೆ ತುಂಬಿತು. ನಡುವೆ ಒಂದೇ ಒಂದು ಕಲ್ಲು, ಎರಡಡಿ ಅಗಲ ಮೂರಡಿ ಉದ್ದದ್ದು, ತೊಳೆದಿಟ್ಟಷ್ಟು ಸ್ವಚ್ಛವಾಗಿತ್ತು.

ಹತ್ತಿರ ಹೋಗಿ ನೋಡಿದೆ. ಕಾಲೇಜು ಕಟ್ಟಿಸಿದ ಹಿರಿಯರ, ಅಂದರೆ ಈಗಿನ ಅಧ್ಯಕ್ಷರ ತಂದೆಯವರ ಹೆಸರು ಕೆತ್ತಿದ್ದ ಕಲ್ಲು ಅದು. ನಮ್ಮ ಕಡೆ ಮಠವಿರಲಿ, ದರ್ಗಾ ಇರಲಿ, ಪರಸಿ ಹಾಸಿಸಿಕೊಟ್ಟವರ ಹೆಸರನ್ನು ಕಲ್ಲಿನ ಮೇಲೆಯೇ ಕೊರೆಯುತ್ತಾರೆ. ಹೆಸರಿದ್ದ ಕಲ್ಲನ್ನು ತುಳಿಯಬಾರದೆಂದು ಯಾರೂ ಹೇಳಿಕೊಡುವುದಿಲ್ಲ, ಅವ್ವನ ಕೈ ಹಿಡಿದು ನಡೆಯುವಾಗಲೇ ಕಾಲು ಕಲಿತುಬಿಡುತ್ತದೆ. ಈ ಕೋರ್ಟಿನ ಸುತ್ತಲೂ ಅಂಥ ಹೆಸರಿನ ಕಲ್ಲುಗಳಿದ್ದವು. ಮೊದಲು ಕೋರ್ಟು ಚಿಕ್ಕದಿತ್ತಂತೆ. ಪಂದ್ಯದ ಅಳತೆಗೆ ಉದ್ದ ಮಾಡಿ ಪಡುವಣ ರಿಂಗನ್ನು ಹಿಂದಕ್ಕೆ ಸರಿಸಿದಾಗ ಅಂಚಿನ ಕಲ್ಲುಗಳು ಒಳಗೆ ಬಂದವು. ಉಳಿದವನ್ನು ಎತ್ತಿ ಹೊಸ ಅಂಚಿಗೆ ಹಾಕಿದರು. ಹಿರಿಯರ ಕಲ್ಲನ್ನು ಎತ್ತಲು ಮಾತ್ರ ಯಾವ ಗೌಂಡಿಯೂ ಕೈ ಹಾಕಲಿಲ್ಲ. ಅದು ಸರಿಯಾಗಿ ಲೇಅಪ್ಪಿನ ಎಡಗಾಲು ಬೀಳುವ ಜಾಗದಲ್ಲಿ ಉಳಿದುಬಿಟ್ಟಿತು.

ನನ್ನ ಅಳತೆಯ ವಹಿ ತೆಗೆದೆ. ಮಂಗಳವಾರ ನಾನೇ ಬರೆದಿದ್ದೆ: ಹೆಸರಿನ ಕಲ್ಲು ಒಂದು, ಮಟ್ಟ ಸರಿ, ಅಲುಗುವುದಿಲ್ಲ. ನೋಡಿ, ಮುಟ್ಟಿ, ಬರೆದು ಮುಂದೆ ಹೋಗಿದ್ದೆ. ಹಾಗಾದರೆ ನನ್ನ ಕಾಲು? ಬೂಟನ್ನು ಪುಡಿಯಲ್ಲಿ ಅದ್ದಿ, ಹುಡುಗಿಯರ ಕಡೆ ನೋಡುತ್ತ ಮಾತಾಡುತ್ತ ರಿಂಗಿನತ್ತ ನಡೆದೆ. ತಿರುಗಿ ನೋಡಿದರೆ ನನ್ನ ಹೆಜ್ಜೆಯೂ ಆ ಕಲ್ಲನ್ನು ತಪ್ಪಿಸಿ ಸುತ್ತಿ ಹೋಗಿತ್ತು. ಆಗ ನಾನು ಕೆಳಗೆ ಕೂತುಬಿಟ್ಟೆ.

"ಹೆಸರಿನ ಮ್ಯಾಲ ಕಾಲು ಹೆಂಗ ಇಡೂದ್ರಿ ಮೇಡಮ್ಮಾರ?" ಎಂದು ಪಟ್ಟಿ ಕಟ್ಟಿಕೊಂಡು ಕೂತಿದ್ದ ಕ್ಯಾಪ್ಟನ್ ಕೇಳಿದಳು. ಅವಳಿಗೆ ಇದು ದೊಡ್ಡ ವಿಷಯವೇ ಅಲ್ಲ. ಬಿಸಿಲಿದ್ದರೆ ನೆರಳಿಗೆ ಸರಿದಂತೆ.

ಕಾರಣ ಸಿಕ್ಕಿತೆಂದು ಅರ್ಧ ದಿನ ಹಿಗ್ಗಿದೆ. ಶುಕ್ರವಾರ ಆ ಹಿಗ್ಗು ಇಳಿಯಿತು. ಮೊದಲು ಕಲ್ಲಿನ ಮೇಲೆ ರಬ್ಬರ್ ಚಾಪೆ ಹಾಸಿದೆ, ಅದು ಕಾಲಿನಡಿ ಸರಿಯಿತು, ಹೆದರಿ ತೆಗೆಸಿದೆ. ಅಗಲದ ಬಣ್ಣದ ಪಟ್ಟಿ ಅಂಟಿಸಿ ಹೆಸರು ಮುಚ್ಚಿದೆ. ಕೆಳಗೆ ಹೆಸರಿದೆ ಎಂದು ಗೊತ್ತಿದ್ದ ಮೇಲೆ ಮುಚ್ಚಿದರೇನು, ಬಿಟ್ಟರೇನು; ಕಾಲು ಮತ್ತೆ ತಿರುಗಿತು. ಕೊನೆಗೆ, ಕಲ್ಲಿಗೆ ಕೈ ಮುಗಿದು, ಹಿರಿಯರೇ ತಪ್ಪಾಯಿತು ಎಂದು ಕೇಳಿಕೊಂಡು ತುಳಿಯಿರಿ ಎಂದೆ. ನಡೆಯುವಾಗ ಕಾಲಿಟ್ಟರು, ಇಬ್ಬರು ಅತ್ತರು. ಓಡುವಾಗ ಒಬ್ಬಳ ಕಾಲೂ ಅದರ ಮೇಲೆ ಇಳಿಯಲಿಲ್ಲ. ಓಡುವ ಕಾಲಿಗೆ ಕೋಚ್ ಹೇಳಿದ್ದು ಕೇಳಿಸುವುದಿಲ್ಲ. ಕಲ್ಲನ್ನು ಎತ್ತಿಸುವುದೊಂದೇ ದಾರಿ ಉಳಿಯಿತು.

ಪ್ರಿನ್ಸಿಪಾಲರಿಗೆ ಹೇಳಿದಾಗ ಅವರ ಮುಖ ಬಿಳಿಚಿಕೊಂಡಿತು. ಒಳ್ಳೆಯ ಮನುಷ್ಯರು, ಒಳ್ಳೆಯ ಮನಸ್ಸಿನಿಂದಲೇ ಬುದ್ಧಿ ಹೇಳಿದರು.

"ಮೊದಲ ಆರ್ಡರ್ ಕೈಗೆ ಬರ್ಲಿ ಮೇಡಮ್ಮಾರ. ಒಂದೆರಡು ವರ್ಷ ಆಗ್ಲಿ, ನಿಮ್ಮ ಮ್ಯಾಲ ವಿಶ್ವಾಸ ಕೂಡ್ಲಿ. ಆಮ್ಯಾಗ ಹಗೂರಕ ಹೇಳೂಣು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಆ ಒಂದೆರಡು ವರ್ಷದಲ್ಲಿ ಎಷ್ಟು ಎಡಗಾಲುಗಳು ಎಂದು ನಾನು ಕೇಳಲಿಲ್ಲ. ನಿಜ ಹೇಳಬೇಕೆಂದರೆ ಅವರ ಮಾತು ನನಗೆ ಹಿಡಿಸಿತು. ಸಂಜೆಯವರೆಗೂ ಅದನ್ನೇ ಬಾಯಲ್ಲಿ ಬೆಲ್ಲದಂತೆ ಇಟ್ಟುಕೊಂಡಿದ್ದೆ. ಆ ಕಲ್ಲು ಯಾರದು, ಎತ್ತಿಸಿ ಎನ್ನಲು ಹೊರಟ ನಾನು ಯಾರ ಮನೆಯ ಮಗಳು ಎಂಬ ಅಳುಕೂ ಒಳಗಿತ್ತು. ನಾಲ್ಕು ತಾಲೂಕಿನಲ್ಲಿ ನನ್ನನ್ನು ಯಾರೂ ಎಂದೂ ಬೇರೆ ಕಣ್ಣಿನಿಂದ ನೋಡಿಲ್ಲ, ಆದರೆ ಮಾತು ಬೆಳೆಯಲು ಹೊತ್ತು ಬೇಕಿಲ್ಲ. ಅಮ್ಮಿಯ ಹಂಡೆ ಕಣ್ಣ ಮುಂದಿತ್ತು. ಅದರ ಪಕ್ಕದಲ್ಲಿ ಅಗರಖೇಡದ ಹುಡುಗಿಯ ತಂದೆ ತರಿಸಿದ ಚಹಾ.

ಶನಿವಾರ ಬೆಳಿಗ್ಗೆ ಅಧ್ಯಕ್ಷರ ಕಾರ್ಖಾನೆಗೆ ಹೋದೆ. ಅವರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಾರೆ. ಎಪ್ಪತ್ತು ದಾಟಿದವರು, ಬಿಳಿ ಧೋತರ, ಕಲ್ಲಿನ ರಾಡಿ ಅಂಟಿದ ಚಪ್ಪಲಿ. ನನ್ನನ್ನು ನೋಡಿ ಯಂತ್ರ ನಿಲ್ಲಿಸಲು ಹೇಳಿ ಕುರ್ಚಿ ತರಿಸಿದರು. ನಾನು ಫೋನನ್ನು ಮುಂದೆ ಹಿಡಿದೆ. ಹುಡುಗಿಯರ ಕಾಲು ಕಲ್ಲನ್ನು ಬಿಟ್ಟು ತಿರುಗುವುದನ್ನು ಅವರು ಎರಡು ಸಲ, ಮೂರು ಸಲ ನೋಡಿದರು. ಕಣ್ಣಲ್ಲಿ ನೀರು ಬಂತು.

"ನೋಡ್ರಿ, ಈಗಿನ ಹುಡುಗ್ಯಾರೂ ನಮ್ಮ ಅಪ್ಪಾರಿಗೆ ಎಷ್ಟು ಮರ್ಯಾದಿ ಕೊಡ್ತಾರ," ಎಂದರು.

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಎದ್ದು ಬಂದುಬಿಡೋಣ ಎನಿಸಿತು. ಹೌದ್ರಿ ಸಾವ್ಕಾರ್ರ ಎಂದು ಫೋನ್ ಒಳಗಿಟ್ಟುಕೊಂಡಿದ್ದರೆ ಮರುದಿನ ಆರ್ಡರ್ ಕೈಯಲ್ಲಿ ಇರುತ್ತಿತ್ತು.

"ಆ ಮರ್ಯಾದಿ ಕೊಡಾಕ ಹೋಗೇ ಮೂರು ಹುಡುಗ್ಯಾರ ಮೊಣಕಾಲು ಹೋಗ್ಯಾವ್ರಿ," ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. "ಮೊನ್ನೆ ನಾಲ್ಕನೇದು ಸ್ವಲ್ಪದಾಗ ಉಳೀತು. ಆ ಕಲ್ಲು ಎತ್ತಿಸಬೇಕ್ರಿ."

ಅವರು ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು. ಆಮೇಲೆ ನಾನು ಯಾವ ಊರಿನವಳು, ಯಾರ ಮಗಳು ಎಂದು ಕೇಳಿದರು. ಹೇಳಿದೆ. ನನ್ನ ಭಯ ಇನ್ನೊಂದು ಗೇಣು ಬೆಳೆಯಿತು. ನಾಳೆ ಪಂದ್ಯವಾಗಲಿ, ಆಮೇಲೆ ನೋಡೋಣ ಎಂದು ಎದ್ದರು. ಕಲ್ಲು ಇದ್ದರೆ ನಾಳೆ ನಾನು ತಂಡ ಇಳಿಸುವುದಿಲ್ಲ ಎಂದೆ. ಅವರು ತಿರುಗಿ ನೋಡಲಿಲ್ಲ. ಯಂತ್ರ ಮತ್ತೆ ಶುರುವಾಯಿತು. ಹೊರಗೆ ರಸ್ತೆಯ ಬದಿ ನಿಂತು, ಮುಂದೆ ಬಂದ ಎರಡು ಆಟೋಗಳನ್ನು ಕೈ ಮಾಡದೆ ಬಿಟ್ಟೆ.

ಭಾನುವಾರ ಸಿಂದಗಿಯ ತಂಡ ಟೆಂಪೋದಲ್ಲಿ ಬಂದಿಳಿಯಿತು. ಕುರ್ಚಿಗಳು ತುಂಬಿದವು. ನಮ್ಮ ಹುಡುಗಿಯರು ಬೂಟಿನ ಲೇಸು ಕಟ್ಟದೆ ಬೆಂಚಿನ ಮೇಲೆ ಕೂತಿದ್ದರು, ನಾನೇ ಕಟ್ಟಬೇಡಿ ಎಂದಿದ್ದೆ. ಪ್ರಿನ್ಸಿಪಾಲರು ಮೂರು ಸಲ ಬಂದು, ಪಂದ್ಯ ಶುರು ಮಾಡಿರಿ, ನನ್ನ ಮಾನ ಉಳಿಸಿರಿ ಎಂದು ಬೇಡಿಕೊಂಡರು. ನಾನು ನೆಲ ನೋಡುತ್ತ ಆಗುವುದಿಲ್ಲ ಎಂದೆ. ಸಿಂದಗಿಯ ಕೋಚ್‌ಗೆ ಏನೂ ಅರ್ಥವಾಗದೆ ಸೀಟಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದ. ಎಲ್ಲರ ಕಣ್ಣೂ ನನ್ನ ಮೇಲೆ. ಇಷ್ಟು ಜನರ ನಡುವೆ ಒಂಟಿಯಾಗಿ ನಿಂತದ್ದು ನನಗೆ ಅದೇ ಮೊದಲು.

ಸಾವ್ಕಾರ್ರು ಬಂದರು. ನೇರವಾಗಿ ಕೋರ್ಟಿನ ಅಂಚಿಗೆ ಬಂದು ಚಪ್ಪಲಿ ಬಿಟ್ಟರು. ಎಲ್ಲರಿಗೂ ಕೇಳುವಂತೆ, ಇದು ನಮ್ಮ ಅಪ್ಪನ ಹೆಸರಿನ ಕಲ್ಲು, ಕಲ್ಲು ಅಂದರೆ ಕಲ್ಲೇ, ತುಳಿದರೆ ದೋಷವಿಲ್ಲ, ನಾನೇ ಮೊದಲು ನಿಂತು ತೋರಿಸುತ್ತೇನೆ, ಆಮೇಲೆ ಹುಡುಗಿಯರು ಆಡಲಿ ಎಂದರು. ಅವರು ನಿಂತುಬಿಟ್ಟರೆ ನನ್ನ ಮಾತಿಗೆ ಏನು ಉಳಿಯಿತು? ಹುಡುಗಿಯರನ್ನು ಇಳಿಸಲೇಬೇಕು.

ಅವರು ನಡೆದರು. ಕಲ್ಲಿಗೆ ಒಂದು ಹೆಜ್ಜೆ ಇರುವಾಗ ನಿಂತರು. ಬಲಗಾಲು ಎತ್ತಿದರು, ಎತ್ತಿದಲ್ಲಿಯೇ ಇಳಿಸಿದರು. ಹಿಂದೆ ಸರಿದು, ಈ ಸಲ ಬೇಗ ಬೇಗ ನಡೆದು ಬಂದರು. ಕಾಲು ಕಲ್ಲಿನ ಆಚೆ ಬದಿಗೆ ಬಿತ್ತು, ಮೈ ಒಂದಿಷ್ಟು ವಾಲಿತು, ಜವಾನ ಓಡಿ ಬಂದು ರಟ್ಟೆ ಹಿಡಿದ. ಯಾರೂ ನಗಲಿಲ್ಲ. ಸಾವ್ಕಾರ್ರು ಆ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಹೆಸರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ನನ್ನನ್ನು ಹತ್ತಿರ ಕರೆದರು.

"ನನ್ನ ಕಾಲಿಗೇ ಆಗ್ಲಿಲ್ಲ ತಂಗಿ. ಆ ಕೂಸುಗಳ ಕಾಲಿಗೆ ನಾ ಏನು ಹೇಳ್ಲಿ?"

ಕುಳಿತಲ್ಲಿಂದಲೇ ಗೌಂಡಿಗೆ ಫೋನ್ ಮಾಡಿ ಹಾರೆ ತಗೊಂಡು ಬಾ ಎಂದರು. ಕಲ್ಲು ಏಳುವಾಗ ಒಂದು ಮೂಲೆ ಮುಕ್ಕಾಯಿತು. ಅವರು ಆ ಚೂರನ್ನು ಎತ್ತಿ ಕಿಸೆಗೆ ಹಾಕಿಕೊಂಡರು. ನಾಲ್ಕು ಮಂದಿ ಹೊತ್ತು ಅದನ್ನು ಗ್ರಂಥಾಲಯದ ಗೋಡೆಗೆ ನಿಲ್ಲಿಸಿದರು. ಹೆಸರಿಲ್ಲದ ಹೊಸ ಕಲ್ಲು ಬಂದು ಗಾರೆಯಲ್ಲಿ ಕೂತಿತು. ಸಿಂದಗಿಯ ಹುಡುಗಿಯರು ಬಂದದ್ದು ವ್ಯರ್ಥವಾಗಬಾರದೆಂದು ಮೂಡಣ ರಿಂಗೊಂದರಲ್ಲಿಯೇ ಎರಡೂ ತಂಡ ಆಡಿದವು. ಯಾರು ಗೆದ್ದರೆಂದು ನನಗೆ ನೆನಪಿಲ್ಲ.

ಜನ ಚದುರಿದ ಮೇಲೆ ಸಾವ್ಕಾರ್ರು ಪ್ರಿನ್ಸಿಪಾಲರ ಕೋಣೆಗೆ ಕರೆಸಿದರು. ಆರ್ಡರ್ ಟೇಬಲ್ಲಿನ ಮೇಲಿತ್ತು, ನನ್ನ ಹೆಸರೂ ಅದರಲ್ಲಿತ್ತು. ಅವರು ಅದರ ಮೇಲೆ ಕೈ ಇಟ್ಟುಕೊಂಡು ಮಾತಾಡಿದರು.

"ನೀವು ಮಾಡಿದ್ದು ಖರೇ ಐತಿ, ನಾ ಇಲ್ಲ ಅನ್ನೂದಿಲ್ಲ. ಆದ್ರ ನಿಮ್ಮನ್ನ ದಿನಾ ನೋಡಿದ್ರ ನನಗ ಅಪ್ಪನ ಕಲ್ಲು ಎದ್ದದ್ದೇ ನೆನಪಾಗ್ತೈತಿ. ಅಷ್ಟು ದೊಡ್ಡ ಮನಸು ನನಗಿಲ್ಲ ತಂಗಿ. ಸಿಟ್ಟು ಮಾಡಬ್ಯಾಡ್ರಿ."

ಸಿಟ್ಟು ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮುಖದ ಮೇಲೆಯೇ ಹೇಳಿದರಲ್ಲ ಎಂದುಕೊಂಡೆ. ಗಾರೆ ಒಣಗುವವರೆಗೆ ನಾಲ್ಕು ದಿನ ಇರಲು ಬಿಡಿ ಎಂದಷ್ಟೇ ಕೇಳಿದೆ. ಒಪ್ಪಿದರು. ಸೋಮವಾರ ಬಾಗೇವಾಡಿ ಶಾಲೆಗೆ ಫೋನ್ ಮಾಡಿ ಇನ್ನೊಂದು ವರ್ಷಕ್ಕೆ ಹೂಂ ಎಂದೆ. ಅಮ್ಮಿಗೂ ಹೇಳಿದೆ. ಎಣ್ಣೆ ಬರುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿಕೊಂಡೆಯಲ್ಲ ಎಂದು ಬೈದಳು. ಕಾಲು ಮುರಿಯದೆ ಉಳಿದವಳು ಯಾರ ಮಗಳು ಎಂದು ಆಮೇಲೆ ಕೇಳಿದಳು.

ಗುರುವಾರ ಹುಡುಗಿಯರನ್ನು ಪಡುವಣ ರಿಂಗಿಗೆ ಓಡಿಸಿದೆ. ಕಲ್ಲು ಹೋದರೂ ಕಾಲಿನ ರೂಢಿ ಹೋಗಿರಲಿಲ್ಲ. ಮೊದಲ ಹತ್ತು ಸಲ ತಿರುಗಿತು. ಮತ್ತೆ ನಡೆಸಿದೆ, ಮತ್ತೆ ನಿಧಾನ ಓಡಿಸಿದೆ. ಮಧ್ಯಾಹ್ನ ದಾಟಿದ ಮೇಲೆ ಎಲ್ಲರಿಗಿಂತ ಚಿಕ್ಕವಳೊಬ್ಬಳು ಯೋಚನೆಯಿಲ್ಲದೆ ಓಡಿ ಬಂದು ಹೊಸ ಕಲ್ಲಿನ ನಡುಮಧ್ಯೆ ಎಡಗಾಲು ಊರಿ ಎದ್ದಳು. ಚೆಂಡು ಒಳಗೆ ಹೋಗಲಿಲ್ಲ, ಯಾರೂ ಅದನ್ನು ನೋಡಲೂ ಇಲ್ಲ. ಸಂಜೆ ನಾಲ್ಕೂವರೆಯ ಬಸ್ಸಿಗೆ ಹೊರಟೆ.

ತಿಂಗಳ ಮೇಲೆ ಒಂದು ದಿನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಆ ಕೆಲಸಕ್ಕೆ ಕರೆ ಬಂದಿದ್ದ ಹೊಸ ಕೋಚ್, ಚಿಕ್ಕ ವಯಸ್ಸಿನವನು, ಪ್ರಿನ್ಸಿಪಾಲರೇ ನನ್ನ ನಂಬರು ಕೊಟ್ಟಿದ್ದರಂತೆ. ನೌಕರಿ ಹೇಗಿದೆ, ಸೇರಬಹುದೇ ಎಂದು ಕೇಳಿದ. ಶಾಲೆಯ ಅಂಗಳದಲ್ಲಿ ಬಿಸಿಲಿತ್ತು, ನಾನು ಗೋಡೆಯ ನೆರಳಿಗೆ ಸರಿದು ನಿಂತೆ. ಮನೆ ಚೆನ್ನಾಗಿದೆ ಎಂದೆ. ಊಟ ಚೆನ್ನಾಗಿದೆ, ಹುಡುಗಿಯರು ಬಂಗಾರ, ಕೋರ್ಟಿನಲ್ಲಿ ಈಗ ಯಾವ ದೋಷವೂ ಇಲ್ಲ, ಅಧ್ಯಕ್ಷರು ಸುಳ್ಳು ಹೇಳುವವರಲ್ಲ, ನಾನು ನೋಡಿದ ಕೆಲಸಗಳಲ್ಲೆಲ್ಲ ಅದೇ ಚಲೋ ಕೆಲಸ ಎಂದೆ.

"ಇಷ್ಟು ಚಲೋ ಇದ್ದರ ನೀವ್ಯಾಕ ಬಿಟ್ರಿ ಮೇಡಮ್ಮಾರ?" ಎಂದ. ದನಿಯಲ್ಲಿ ಹೆದರಿಕೆಯಿತ್ತು. ಅದು ನನಗೆ ಗುರುತಿರುವ ಹೆದರಿಕೆ.

"ನಾ ಬಿಡ್ಲಿಲ್ಲಪಾ," ಎಂದೆ. "ಪೆನ್ನು ಐತೇನು? ಬರಕೊ."

ಹನ್ನೆರಡು ಹುಡುಗಿಯರ ಮೊಣಕಾಲಿನ ವಿಷಯ ಒಂದೊಂದಾಗಿ ಹೇಳುತ್ತ ಹೋದೆ, ಕ್ಯಾಪ್ಟನ್ನಿನ ಎಡಗಾಲಿನಿಂದ ಶುರುಮಾಡಿ.